ರೇಣುಕಾ ಬಿಚ್ಚದ ಗಂಟು

ಇವತ್ತು ಬೆಳಿಗ್ಗೆ ರಾಜಾಜಿನಗರದ ಸ್ಟಾಪಿನಲ್ಲಿ ಬಾಗಲಕೋಟೆ ಕಡೆಯ ಬಸ್ಸಿನಿಂದ ಒಂದು ಬಟ್ಟೆಚೀಲ ಇಳಿಸಿಕೊಂಡೆ. ‘ರೊಟ್ಟಿ ಬರ್ತಾವ, ಇಸ್ಕೋರಿ ಸರ’ ಎಂದು ರೇಣುಕಾ ಮೆಸೇಜು ಹಾಕಿದ್ದಳು. ಆಟೋ ತುಂಬ ಗುರೆಳ್ಳು ಚಟ್ನಿಪುಡಿಯ ಘಮ. ಮನೆಗೆ ಬಂದು ನೋಡಿದರೆ ಚೀಲದ ಬಾಯಿಯ ಗಂಟು ನನ್ನ ಕೈಗೆ ಜಗ್ಗುತ್ತಲೇ ಇಲ್ಲ.

ನನ್ನ ಭಾನುವಾರದ ಪಾಠದ ವಿಷಯ ನಿಮಗೆ ಹೇಳಿಲ್ಲ, ಅಲ್ಲವೇ? ಮಾರೇನಹಳ್ಳಿಯ ನಮ್ಮ ಮನೆಯ ತಾರಸಿಯಲ್ಲಿ ಐದಾರು ಜನಕ್ಕೆ ಕಥೆ ಕಟ್ಟುವುದನ್ನು ಕಲಿಸುತ್ತೇನೆ. ನನ್ನ ಕಥೆಗಳನ್ನು ಓದಿದವರೂ ಹೆಚ್ಚುಕಡಿಮೆ ಅಷ್ಟೇ ಜನ. ಹಲಗೆಯ ಮೇಲೆ ಗುಡ್ಡ ಬರೆದು, ಕಥೆ ಇಲ್ಲಿಂದ ಹತ್ತಬೇಕು, ತುದಿಯಲ್ಲಿ ಏನಾದರೂ ಘಟಿಸಬೇಕು, ಆಮೇಲೆ ಇಳಿಯಬೇಕು ಎಂದು ಗಂಟಲು ಹರಿದುಕೊಳ್ಳುತ್ತೇನೆ. “ಮೊದ್ಲು ನೀವು ಇಳೀರಿ, ಗ್ಯಾಸ್‌ನೋನು ಬಂದಿದಾನೆ” ಎಂದು ಹೆಂಡತಿ ಕೆಳಗಿನಿಂದ ಕೂಗುತ್ತಾಳೆ.

ಹೋದ ವರ್ಷ ಅಲ್ಲಿಗೆ ಬಂದವಳು ರೇಣುಕಾ. ಹೆಗ್ಗನಹಳ್ಳಿಯ ಗಾರ್ಮೆಂಟ್ಸಿನಲ್ಲಿ ಹೊಲಿಯುತ್ತಾಳೆ. ಅವಳ ಕಥೆಯಲ್ಲಿ, ತನ್ನಿಷ್ಟದಂತೆ ಮದುವೆಯಾದ ಮಗಳಿಗೆ ಅಪ್ಪ ಬಾಗಿಲು ಮುಚ್ಚಿದ್ದಾನೆ. ಅವ್ವ ಮಾತ್ರ ವಾರವಾರ ರೊಟ್ಟಿ ತುಂಬಿದ ಚೀಲವನ್ನು ಬಸ್ಸಿಗೆ ಹಾಕುತ್ತಾಳೆ. ಮಗಳು ಖಾಲಿ ಚೀಲ ಒಗೆದು ಅದೇ ಬಸ್ಸಿಗೆ ವಾಪಸು ಕೊಡುತ್ತಾಳೆ. ಅಷ್ಟೇ, ಮುಗಿಯಿತು. ಅದು ಅವಳದೇ ಬದುಕು ಎಂದು ಯಾರೂ ಹೇಳಬೇಕಿರಲಿಲ್ಲ.

“ತುದಿ ಎಲ್ಲಮ್ಮ?” ಎಂದೆ. “ಕೊನೇಲಿ ಅಪ್ಪನ್ನ ಬಸ್ಸಿಂದ ಇಳಿಸಿಬಿಡು.”

“ಇಳಸಂಗಿಲ್ರಿ ಸರ. ಕತ್ಯಾಗ ಅಪ್ಪ ಬಂದಬಿಟ್ರ, ನಾ ಖರೇನ ಕಾಯೂದು ಬಿಟ್ಟಗಿಟ್ಟೇನು ಅಂತ ಅಂಜಿಕಿ.”

ಅವತ್ತು ಪಾಠ ಬೇಗ ಮುಗಿಸಿದೆ.

ಕೆಲವು ತಿಂಗಳ ಮೇಲೆ, ಒಂದು ಭಾನುವಾರ ಏದುಸಿರು ಬಿಡುತ್ತ ತಾರಸಿಗೆ ಬಂದಳು. ಕೈಯಲ್ಲಿ ಬಾಯಿ ಕಟ್ಟಿದ ಚೀಲ.

“ಸರ, ಈ ಗಂಟು ಅವ್ವಂದಲ್ರಿ. ಅಪ್ಪ ಜ್ವಾಳದ ಚೀಲಕ್ಕ ಹಾಕೂ ಗಂಟು!”

ಆ ಗಂಟನ್ನು ಬಿಚ್ಚಲು ಅವಳಿಗೆ ಮನಸ್ಸಾಗಿರಲಿಲ್ಲ. ತಳದ ಹೊಲಿಗೆ ಬಿಚ್ಚಿ ರೊಟ್ಟಿ ತೆಗೆದುಕೊಂಡು, ಕೆಂಪು ದಾರದಲ್ಲಿ ಮತ್ತೆ ಹೊಲಿದಿದ್ದಳು. ಅಪ್ಪನ ಗಂಟು ಇದ್ದಂತೆಯೇ ಚೀಲ ಆ ಸಂಜೆ ಊರಿನ ಬಸ್ಸು ಹತ್ತಿತು. ಅಬ್ಬಾ! ತುಟಿಪಿಟಕ್ಕೆನ್ನದೆ ಆ ಮನುಷ್ಯ ಎಷ್ಟು ದೂರ ಬಂದುಬಿಟ್ಟಿದ್ದ! ಅದಕ್ಕೆ ಮಗಳು ಕೊಟ್ಟ ಉತ್ತರವೋ! ಅಂಥ ಕಥೆ ನನ್ನ ಯಾವ ಜನ್ಮಕ್ಕೂ ಹೊಳೆಯುತ್ತಿರಲಿಲ್ಲ. ಹಲಗೆಯ ಗುಡ್ಡವನ್ನು ಒರೆಸಿಹಾಕಿದೆ. ಮುಂದಿನ ವಾರ ಮತ್ತೆ ಬರೆದೆ ಅನ್ನಿ, ನನಗೆ ಬೇರೇನು ಬರುತ್ತೆ?

ಈಗ ಚೀಲ ತಲುಪಿತೆಂದು ತಿಳಿಸಲು ಫೋನ್ ಮಾಡಿದೆ. ಆ ಕಡೆ ಪಟಪಟ ರೊಟ್ಟಿ ಬಡಿಯುವ ಸದ್ದು.

“ಎಲ್ಲಿದೀಯಮ್ಮ?”

“ಅವ್ವನ ಒಲಿ ಮುಂದ ಕುಂತೀನ್ರಿ ಸರ. ಅಪ್ಪನಽ ಫೋನ್ ಮಾಡಿ ಕರದ. ನಿಮ್ಮ ಚೀಲಾನೂ ಅವನಽ ಕಟ್ಟ್ಯಾನ.”

ಫೋನ್ ಇಟ್ಟರೂ ಕಣ್ಣು ಮಂಜಾಗಿಯೇ ಇತ್ತು. ಹೆಂಡತಿ ಕತ್ತರಿ ತಂದು ಗಂಟಿಗೆ ಹಿಡಿದಳು.

“ಬೇಡ ಕಣೇ, ಅದನ್ನ ಮುಟ್ಟಬೇಡ” ಎಂದು ಚೀಲವನ್ನು ಮಗುಚಿದೆ. ತಳದಲ್ಲಿ ಕೆಂಪು ದಾರದ ಹೊಲಿಗೆ ಹಾಗೆಯೇ ಇತ್ತು. ಒಂದೊಂದೇ ಎಳೆ ಬಿಚ್ಚುತ್ತ ಕೂತೆ.