ಹಳದಿ ಗಾಡಿಯ ಮೇಲಿನ ಹಲ್ಲಿನ ಗುರುತು

ಒಂದೂವರೆ ವರ್ಷ ದಾಟಿದ ಮೇಲೆ ನನ್ನ ಮಗಳ ಮಾತು ನಿಂತುಹೋಯಿತು. ಅದಕ್ಕೆ ಮೊದಲು ‘ತಾತ’, ‘ಬಾ’, ‘ಹಸ’ ಎಂದೆಲ್ಲ ಅನ್ನುತ್ತಿದ್ದವಳು ಬರಬರುತ್ತ ಅಳುವುದಕ್ಕೆ ಮಾತ್ರ ಬಾಯಿ ತೆರೆಯತೊಡಗಿದಳು. ರಾಗಿ ಸರಿ ಬಾಯಿಗಿಟ್ಟರೆ ಉಗಿಯುವಳು. ಹೊಟ್ಟೆನೋವಿಗೆ ಮೊಣಕಾಲು ಮಡಚಿಕೊಂಡು ಮಲಗುವಳು. ಕನಕಪುರದ ಡಾಕ್ಟರು ರಕ್ತ ಕಡಿಮೆ ಇದೆ ಎಂದು ಟಾನಿಕ್ ಬರೆದುಕೊಟ್ಟರು. ಅತ್ತೆ ದೃಷ್ಟಿ ತೆಗೆದರು. ಗಂಡ ಹಾರೋಹಳ್ಳಿಯ ಕಾರ್ಖಾನೆಯಿಂದ ಊಟದ ಬಿಡುವಿನಲ್ಲಿ ಫೋನ್ ಮಾಡಿ, “ಇವತ್ತಾದ್ರೂ ತಿಂದ್ಲಾ?” ಎಂದು ಕೇಳುವರು. ಯಾವುದರಿಂದಲೂ ಗುಣ ಕಾಣಲಿಲ್ಲ.

ಕೊನೆಗೆ ರಾಮನಗರದಲ್ಲಿ ಮಕ್ಕಳ ಡಾಕ್ಟರೊಬ್ಬರಿಗೆ ತೋರಿಸಿದೆ. ಆಕೆ ಮಗುವಿನ ಕಣ್ಣು, ಒಸಡು ನೋಡಿ, “ಏನಾದ್ರೂ ಕಚ್ಚೋ ಅಭ್ಯಾಸ ಇದೆಯಾ? ಗೋಡೆ, ಮಣ್ಣು, ಆಟದ ಸಾಮಾನು?” ಎಂದರು.

“ಗಾಡಿ ಹಿಡಿ ಕಚ್ತಾಳೆ ಮೇಡಂ. ಹಲ್ ಬತ್ತೈತಲ್ಲ ಅಂತ ಸುಮ್ಕಿದ್ವಿ.”

“ಯಾವ ಗಾಡಿ? ಬಣ್ಣ ಹೊಡೆದಿದ್ದಾರಾ ಅದಕ್ಕೆ?”

ಅದು ಮಕ್ಕಳು ಹಿಡಿದುಕೊಂಡು ನಡಿಗೆ ಕಲಿಯುವ, ಮೂರು ಚಕ್ರದ ಮರದ ಗಾಡಿ. ಮಾವ ಅದನ್ನು ಚನ್ನಪಟ್ಟಣದಿಂದ ತಂದದ್ದು ನನ್ನ ಗಂಡ ಕೂಸಾಗಿದ್ದಾಗ. ಅರಗಿನ ಬಣ್ಣವೆಲ್ಲ ಮಾಸಿಹೋಗಿತ್ತು. ಮೊಮ್ಮಗಳಿಗೆ ಹೊಸದರಂತೆ ಕಾಣಲಿ ಎಂದು, ಟ್ರ್ಯಾಕ್ಟರ್ ಟ್ರೈಲರಿಗೆ ಹೊಡೆದು ಮಿಕ್ಕಿದ್ದ ಹಳದಿ ಪೇಂಟನ್ನು ಅದಕ್ಕೆ ಬಳಿದಿದ್ದರು. ಹಿಡಿಯ ಮೇಲೆ ಆ ಹಳದಿ ಎದ್ದುಹೋಗಿ, ಪುಟ್ಟ ಹಲ್ಲುಗಳ ಗುರುತು ಮೂಡಿತ್ತು. ಅದನ್ನು ನೋಡಿ ನಾವೆಲ್ಲ ನಕ್ಕಿದ್ದೆವು.

ರಕ್ತವನ್ನು ಬೆಂಗಳೂರಿಗೆ ಕಳಿಸಿದರು. ರಿಪೋರ್ಟ್ ಬಂದ ದಿನ ಡಾಕ್ಟರು ನನ್ನನ್ನು ಕೂರಿಸಿ, ಮಗುವಿನ ರಕ್ತದಲ್ಲಿ ಸೀಸ ಬಹಳ ಇದೆ, ಅದು ಬೆಳೆಯುವ ಮಿದುಳನ್ನೇ ಹಿಡಿಯುತ್ತದೆ ಎಂದರು. “ಮೊದಲು ಆ ಗಾಡಿ ದೂರ ಇಡಿ. ಬಣ್ಣ ಕೆರೆಯಬೇಡಿ, ಸುಡಬೇಡಿ. ಆ ಧೂಳು, ಹೊಗೆ ಎರಡೂ ವಿಷವೇ.”

ಬಸ್ ಸ್ಟ್ಯಾಂಡಿನಿಂದ ಅತ್ತೆಗೆ ಫೋನ್ ಮಾಡಿದೆ. ಗಾಡಿಯ ಬಣ್ಣದಲ್ಲಿ ವಿಷ ಇದೆಯಂತೆ ಎಂದಷ್ಟೇ ಹೇಳಿದೆ, ಅಷ್ಟರಲ್ಲಿ ಬಸ್ ಹೊರಟಿತು, ಓಡಿ ಹತ್ತಿದೆ. ದಾರಿಯುದ್ದಕ್ಕೂ ಮಗಳು ನನ್ನ ಎದೆಗೊರಗಿ ನಿದ್ದೆ ಹೋಗಿದ್ದಳು. ನಾನು ಮಾವನಿಗೆ ಏನೇನು ಅನ್ನಬೇಕೆಂದು ಮನಸ್ಸಿನಲ್ಲೇ ಜೋಡಿಸುತ್ತಿದ್ದೆ. ಅಷ್ಟು ಸಿಟ್ಟು ಬಂದಿತ್ತು.

ಮನೆ ತಿರುವಿಗೆ ಬಂದರೆ ಸೀಮೆಎಣ್ಣೆಯ ವಾಸನೆ. ಹಿತ್ತಿಲಲ್ಲಿ ಮಾವ ಗಾಡಿಯನ್ನು ತೆಂಗಿನ ಗರಿಯ ಮೇಲೆ ಮಲಗಿಸಿ, ಬೆಂಕಿಕಡ್ಡಿ ಕೈಯಲ್ಲಿ ಹಿಡಿದು ನಿಂತಿದ್ದರು. ಮಗುವನ್ನು ಅತ್ತೆಯ ಕೈಗೆ ಕೊಟ್ಟು ಓಡಿದೆ.

“ಮಾವ, ಬ್ಯಾಡ! ಸುಡಬ್ಯಾಡಿ! ಹೊಗೇಲೂ ಅದೇ ವಿಸ ಐತಂತೆ!”

ಅವರ ಕೈ ಹಾಗೇ ನಿಂತಿತು. “ಮತ್ತಿನ್ನೇನ್ ಮಾಡ್ಲವ್ವ ಇದ್ನ? ಕೂಸು ಕುಣ್ಕಂಡ್ ಆಡ್ಲಿ ಅಂತ ನನ್ ಕೈಯಾರೆ ಬಳುದ್ನಲ್ಲವ್ವ!” ಎಂದು ನೆಲದ ಮೇಲೆ ಕುಸಿದು ಕುಳಿತರು. ಅವರು ಅಳುವುದನ್ನು ನಾನು ನೋಡಿದ್ದು ಅದೇ ಮೊದಲು. ಜೋಡಿಸಿಕೊಂಡು ಬಂದ ಮಾತನ್ನೆಲ್ಲ ಬಿಟ್ಟು, ಅವರ ಕೈಯಿಂದ ಬೆಂಕಿಕಡ್ಡಿ ತೆಗೆದುಕೊಂಡೆ. ಇಬ್ಬರೂ ಸೇರಿ ಗಾಡಿಯನ್ನು ಗೊಬ್ಬರದ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಕಟ್ಟಿ, ಪಂಪ್‌ಸೆಟ್ ಮನೆಯೊಳಗಿಟ್ಟು ಬೀಗ ಹಾಕಿದೆವು.

ಆಮೇಲೆ ನಾನು ಮನೆಯೊಳಗೆ ಪೊರಕೆ ಹಿಡಿಯಲಿಲ್ಲ. ಧೂಳೇಳದಂತೆ ಒದ್ದೆ ಬಟ್ಟೆಯಲ್ಲೇ ಒರೆಸಿದೆ. ಮಗಳ ಕೈಯನ್ನು ಎಷ್ಟು ತೊಳೆದೆನೆಂದರೆ ಚರ್ಮ ಒಡೆಯಿತು. ಕಬ್ಬಿಣದ ಔಷಧಿ, ಸೊಪ್ಪು, ಹಾಲು, ರಾಗಿ. ರಕ್ತದಲ್ಲಿನ ಸೀಸ ನಿಧಾನವಾಗಿ ಇಳಿಯಿತು. ಹೊಟ್ಟೆನೋವು ಹೋಯಿತು. ಎರಡು ವರ್ಷ ತುಂಬಿದ ಮೇಲೆ ಒಂದು ಬೆಳಿಗ್ಗೆ ‘ಬಾ’ ಎಂದಳು. ಹಾಲು ಕರೆಯುತ್ತಿದ್ದ ಅತ್ತೆ ಚೆಂಬನ್ನು ಅಲ್ಲೇ ಬಿಟ್ಟು ಓಡಿಬಂದರು.

“ಇನ್ನೇನೂ ತೊಂದ್ರೆ ಇಲ್ಲ ಅಲ್ವಾ ಮೇಡಂ?” ಎಂದು ಡಾಕ್ಟರನ್ನು ಕೇಳಿದೆ. ಅವರು ಸುಳ್ಳು ಹೇಳಲಿಲ್ಲ. “ಈಗಲೇ ಹೇಳೋಕಾಗಲ್ಲ. ಬೆಳೀತಾ ನೋಡಬೇಕು.”

ಈಗ ಅಂಗನವಾಡಿಗೆ ಹೋಗುತ್ತಾಳೆ. ಬಣ್ಣದ ಹೆಸರು ತಪ್ಪಿದರೆ, ಕರೆದದ್ದಕ್ಕೆ ತಿರುಗದಿದ್ದರೆ, ಇದು ಎಲ್ಲ ಮಕ್ಕಳ ಮರೆವೋ ಆ ಸೀಸದ ಮರೆವೋ ಎಂದು ನನಗೆ ತಿಳಿಯುವುದಿಲ್ಲ. ಸಂಜೆ ಮಾವ ಅವಳನ್ನು ರೇಷ್ಮೆ ಹುಳುವಿಗೆ ಸೊಪ್ಪು ಬೆಳೆಯುವ ಹಿಪ್ಪುನೇರಳೆ ಕಡ್ಡಿ ತೋಟಕ್ಕೆ ಕರೆದೊಯ್ಯುತ್ತಾರೆ. ನಾನೂ ಹಿಂದೆ ಹೋಗುತ್ತೇನೆ.

ನಿನ್ನೆ ಮಾವ ಎಲೆಯೊಂದನ್ನು ಮುಟ್ಟಿ, “ಇದೇನವ್ವ, ಯೋಳು?” ಎಂದರು. ಅವಳು ಎಲೆ ನೋಡಿದಳು, ತಾತನ ಮುಖ ನೋಡಿದಳು.

“ಸೊಪ್ಪು” ಎಂದಳು.

ಮಾವ ನನ್ನ ಕಡೆ ತಿರುಗಿ ನಕ್ಕರು. ನಾನಾಗಲೇ ಅವರ ಮುಂದಿನ ಪ್ರಶ್ನೆಗೆ ಹೆದರುತ್ತಿದ್ದೆ.