ಹದಿನಾರರಲ್ಲಿ ಒಂದು ಖಾಲಿ

ಮಲೇಶಿಯಾದ ಬಯಾನ್ ಲೆಪಾಸ್‌ನ ನಮ್ಮ ಕಾರ್ಖಾನೆಯಲ್ಲಿ ಕನ್ನಡದವರು ಇಬ್ಬರೇ ಇದ್ದೆವು. ಮೈಸೂರಿನವಳು ನಾನು, ಸರ್ಕ್ಯೂಟ್ ವಿನ್ಯಾಸ ಮಾಡುವವಳು. ಇನ್ನೊಬ್ಬರು ಧಾರವಾಡದ ಅಕ್ಕ. ನನಗಿಂತ ಹದಿನೈದು ವರ್ಷ ದೊಡ್ಡವರು. ತಯಾರಾದ ಬೋರ್ಡುಗಳ ಅಳತೆ ಸರಿಮಾಡುವ ಬೆಂಚು ಅವರದು. ಈಗ ನಾನೊಬ್ಬಳೇ. ಅವರನ್ನು ಕಳಿಸಿದ್ದು ನಾನೇ ಮಾಡಿದ ಬೋರ್ಡು.

ನಮ್ಮದು ಕಾರಿನ ಬ್ಯಾಟರಿಗಳನ್ನು ಪರೀಕ್ಷಿಸುವ ಯಂತ್ರ. ಸಾವಿರ ವೋಲ್ಟನ್ನು ನೇರವಾಗಿ ಅಳೆಯಲು ಹೋದರೆ ಚಿಪ್ ಸುಟ್ಟು ಕರಕಲಾಗುತ್ತದೆ. ಅದಕ್ಕೇ ರೆಸಿಸ್ಟರುಗಳ ಸಾಲಿನಲ್ಲಿ ಇಳಿಸಿ ಇಳಿಸಿ, ಒಂದು ಚೂರನ್ನು ಮಾತ್ರ ಅಳೆಯುತ್ತೇವೆ. ಹಳೆಯ ಬೋರ್ಡಿನಲ್ಲಿ ಬ್ಯಾಟರಿಯ ತಂತಿ ಸಿಕ್ಕಿಸುವ ಹದಿನಾರು ಪೋರ್ಟು. ಪ್ರತಿಯೊಂದಕ್ಕೂ ಬೇರೆ ಚಿಪ್, ಬೇರೆ ತಿರುಪು. ರೊಟ್ಟಿ ಬಡಿಯುವ ಹಲಗೆಯಷ್ಟು ಅಗಲ. ಅಕ್ಕ ಹದಿನಾರು ತಿರುಪನ್ನೂ ಸಣ್ಣ ಸ್ಕ್ರೂಡ್ರೈವರಿನಿಂದ ಕೂದಲೆಳೆಯಷ್ಟು ತಿರುಗಿಸಿ, ಅಳತೆ ಸರಿಬಂದೊಡನೆ ಅಲುಗದಂತೆ ಮೇಲೊಂದು ತೊಟ್ಟು ಕೆಂಪು ನೇಲ್ ಪಾಲಿಶ್ ಇಡುತ್ತಿದ್ದರು. ಉಗುರಿಗೆ ಮಾತ್ರ ಒಂದು ದಿನವೂ ಹಚ್ಚಿಕೊಂಡವರಲ್ಲ.

ಇದನ್ನು ಚಿಕ್ಕದು ಮಾಡಿ, ಅಗ್ಗ ಮಾಡಿ ಎಂದರು ಮೇಲಿನವರು. ನನಗೋ ಎಲ್ಲಿಲ್ಲದ ಹುಮ್ಮಸ್ಸು. ಹದಿನಾರಕ್ಕೂ ಸೇರಿ ಒಂದೇ ಚಿಪ್ ಇಟ್ಟು, ಸ್ವಿಚ್ಚೊಂದು ಸರದಿಯ ಮೇಲೆ ಒಂದೊಂದೇ ಪೋರ್ಟನ್ನು ಅದಕ್ಕೆ ಜೋಡಿಸುವಂತೆ ಮಾಡಿದೆ. ಸಣ್ಣಪುಟ್ಟ ವ್ಯತ್ಯಾಸವನ್ನು ಸಾಫ್ಟ್‌ವೇರೇ ತಿದ್ದಿಕೊಳ್ಳುತ್ತದೆ, ತಿರುಪುಗಳೇ ಬೇಡ. ಬೋರ್ಡು ಅಂಗೈಯಗಲಕ್ಕೆ ಬಂತು.

ತಿರುಪೇ ಇಲ್ಲವೆಂದ ಮೇಲೆ ತಿರುಗಿಸುವವರು ಯಾಕೆ? ಅಕ್ಕನ ಗುತ್ತಿಗೆ ಆ ವರ್ಷವೇ ಮುಗಿಯುವುದಿತ್ತು. ಹೊಸ ಬೋರ್ಡು ಪಾಸಾದರೆ ಬೆಂಚು ಮುಚ್ಚುತ್ತದೆ. ಗುತ್ತಿಗೆ ಇಲ್ಲ, ವೀಸಾನೂ ಇಲ್ಲ. ಇದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಊಟಕ್ಕೆ ಕೂತಾಗ ಇಬ್ಬರೂ ಆ ಮಾತೆತ್ತುತ್ತಿರಲಿಲ್ಲ. ತಮಿಳು ಮುಸ್ಲಿಮರ ಮಾಮಕ್ ಅಂಗಡಿಯಿಂದ ನಾನು ತಪಾವ್, ಅಂದರೆ ಪಾರ್ಸೆಲ್, ಮಾಡಿಸಿ ತಂದ, ಮೊಟ್ಟೆ ಹಾಕದ ನೂಡಲ್ಸ್ ಅವರ ಡಬ್ಬಿಯ ಮುಚ್ಚಳಕ್ಕೆ ಅರ್ಧ. ಅವರ ಚಪಾತಿ, ಶೇಂಗಾ ಚಟ್ನಿಯಲ್ಲಿ ನನಗರ್ಧ. "ತಿನ್ನವಾ, ಗಾಳಿ ಬಂದ್ರ ಹಾರಿ ಹೋಗೋಹಂಗ ಅದಿ" ಎಂದು ಬೈಯುತ್ತಲೇ ಬಡಿಸುವರು.

ಕೊನೆಯ ಪರೀಕ್ಷೆ ಅವರ ಬೆಂಚಿನಲ್ಲೇ ಆಗಬೇಕಿತ್ತು. ನಾನು ಮೊದಲೇ ಹದಿನಾರು ಪೋರ್ಟಿಗೂ ಒಂದೇ ವೋಲ್ಟೇಜು ಕೊಟ್ಟು ನೋಡಿ, ಎಲ್ಲ ಸರಿಯಿದೆ ಎಂದು ಬೀಗಿದ್ದೆ. ಅಕ್ಕನ ಪದ್ಧತಿಯೇ ಬೇರೆ. ಯಾವ ಬೋರ್ಡು ಬಂದರೂ ಒಂದು ಪೋರ್ಟಿಗೆ ಏನನ್ನೂ ಕೊಡದೆ ಬಿಡುವರು. "ಖಾಲಿ ಇದ್ದದ್ದು ಸುಳ್ಳು ಹೇಳಂಗಿಲ್ಲ" ಎನ್ನುವರು. ಆ ದಿನ ಏಳನೆಯದನ್ನು ಬಿಟ್ಟರು. ಅದು ಸೊನ್ನೆ ತೋರಿಸಬೇಕಿತ್ತು. ಮೂರು ವೋಲ್ಟ್ ತೋರಿಸಿತು.

"ತಂಗಿ, ಇಲ್ಲೇನೋ ಐತಿ ನೋಡು."

ನನಗೆ ಪಿತ್ತ ನೆತ್ತಿಗೇರಿತು. "ಮೂರು ವೋಲ್ಟ್ ತಾನೇ? ಬೆಂಚ್ ಉಳಿಸ್ಕೊಳ್ಳೋಕೆ ತಪ್ಪು ಹುಡುಕ್ತಿದ್ದೀರಾ ಅಕ್ಕಾ?"

ಥೂ, ನನ್ನ ನಾಲಿಗೆ ಸೇದಿಹೋಗ! ಅಕ್ಕ ಸಿಟ್ಟಾಗಲಿಲ್ಲ. ಕನ್ನಡಕ ತೆಗೆದು ಲ್ಯಾಬ್ ಕೋಟಿನ ಅಂಚಿನಿಂದ ಒರೆಸಿಕೊಂಡರು.

"ಸಾರಿನ ಸೌಟ ತೊಳೀಲಾರದ ಮಜ್ಜಿಗಿಗೆ ಹಾಕ್ತೀಯೇನು? ಆರನೇ ಪೋರ್ಟಿಂದು ಕೆಪ್ಯಾಸಿಟರ್‌ನ್ಯಾಗ ಒಂದೀಟು ಉಳಕೊಂಡು ಏಳನೇದಕ್ಕ ಹೊಂಟೈತಿ. ಪ್ರತಿ ಸಲ ಅಳಿಯೋ ಮೊದಲ ಅದನ್ನ ಸೊನ್ನಿಗೆ ಮುಟ್ಟಿಸಿ ಬಿಡು."

ಎಲ್ಲಕ್ಕೂ ಒಂದೇ ವೋಲ್ಟೇಜು ಕೊಟ್ಟಿದ್ದರಿಂದ ನನ್ನ ಕಣ್ಣಿಗೆ ಈ ಉಳಿಕೆ ಬಿದ್ದೇ ಇರಲಿಲ್ಲ. ಎರಡು ದಿನದಲ್ಲಿ ತಿದ್ದಿದೆ. ಏಳನೆಯದು ಸೊನ್ನೆಗೆ ಬಂತು, ಅಕ್ಕ ಹಾಳೆಗೆ ಸಹಿ ಹಾಕಿದರು. ಅವರು ಸುಮ್ಮನಿದ್ದಿದ್ದರೆ ಆ ಬೋರ್ಡು ಹೊರಗೆ ಹೋಗಿ, ಮಾನ ಕಳೆದು ವಾಪಸ್ ಬರುತ್ತಿತ್ತು, ಹಳೆಯದೇ ಗತಿಯಾಗುತ್ತಿತ್ತು, ಅವರು ಇಲ್ಲೇ ಇರುತ್ತಿದ್ದರು. ಯಾಕೆ ಹೇಳಿದಿರಿ ಎಂದು ಕೇಳಿಯೂ ಬಿಟ್ಟೆ.

"ಕಂಡಮ್ಯಾಗ ಕಂಡಿಲ್ಲ ಅನ್ನಾಕ ನನಗ ಬರಂಗಿಲ್ಲವಾ" ಎಂದರು.

ಆಗ ತಪ್ಪಾಯಿತು ಎನ್ನಬೇಕಿತ್ತು. "ಥ್ಯಾಂಕ್ಸ್ ಅಕ್ಕಾ" ಎಂದೆ. ಎಂಥ ಜನ್ಮವೋ ನನ್ನದು.

ಬೆಂಚಿದ್ದಲ್ಲಿ ಈಗ ಪ್ರಿಂಟರ್ ಇಟ್ಟಿದ್ದಾರೆ. ನೇಲ್ ಪಾಲಿಶ್ ಸೀಸೆ ನನ್ನ ಡ್ರಾಯರಿನಲ್ಲಿ ಗಟ್ಟಿಯಾಗಿ ಕೂತಿದೆ. ದಿನವಿಡೀ ಮಲಯ್, ತಮಿಳು, ಇಂಗ್ಲಿಷ್ ಕಿವಿಗೆ ಬೀಳುತ್ತವೆ. "ಏನವಾ" ಎಂದು ಒಬ್ಬರು ಕರೆಯಲಿ ಅಂತ ಜೀವ ಹಪಹಪಿಸುತ್ತದೆ, ಕರೆಯುವವರಿಲ್ಲ.

ಕಳೆದ ವಾರ ಊಟದ ಹೊತ್ತಿನಲ್ಲಿ ತಡೆಯಲಾರದೆ ಫೋನ್ ಮಾಡಿದೆ. ಅಕ್ಕ ಧಾರವಾಡದಲ್ಲಿ ಪಾಲಿಟೆಕ್ನಿಕ್ ಹುಡುಗರಿಗೆ ಪಾಠ ಹೇಳುತ್ತಿದ್ದಾರೆ.

"ಬೋರ್ಡ್ ಹ್ಯಾಂಗ ನಡದೈತಿ?"

"ಚೆನ್ನಾಗಿದೆ ಅಕ್ಕಾ."

"ಖಾಲಿ ಪೋರ್ಟ್?"

"ಸೊನ್ನೆ."

"ಹಾಂ, ಮತ್ತೇನ ಬೇಕು!"

"ಅಕ್ಕಾ, ಆವತ್ತು ನಾನು ಅಂದಿದ್ದು..."

"ಅದನ್ನ ಇನ್ನೂ ಹಿಡಕೊಂಡು ಕುಂತೀಯೇನ? ಹುಚ್ಚಿ. ಅಲ್ಲೀಗ ಊಟದ ಹೊತ್ತು, ಊಟಾ ಆತಿಲ್ಲೋ?"

ಆಯ್ತು ಎಂದೆ. ತಪಾವ್ ಪೊಟ್ಟಣ ಎದುರಿಗೇ ಇತ್ತು, ಬಿಚ್ಚಿರಲಿಲ್ಲ. ಫೋನಿಟ್ಟ ಮೇಲೆ ಬಿಚ್ಚಿದೆ. ಅರ್ಧ ಹಾಕಲು ಕೈ ಅಕ್ಕನ ಡಬ್ಬಿಯ ಮುಚ್ಚಳ ಹುಡುಕಿತು.