ಗಂಟಿಲ್ಲದ ಹಾಗೆ ಕದಡಿದ ಔಷಧ

೨೦೦೪ರಲ್ಲಿ ನಾನು ಹೊಸೂರು ಬಳಿಯ ಉದ್ದನಪಲ್ಲಿ ಕಡೆಯ ಮಾವಿನ ತೋಟಗಳಿಗೆ ತೋಟಗಾರಿಕೆ ಸಹಾಯಕ ಅಧಿಕಾರಿಯಾಗಿದ್ದೆ. ಕೆಲಸಕ್ಕೆ ಸೇರಿ ಎರಡೇ ವರ್ಷ, ಎಲ್ಲ ಬಲ್ಲೆನೆಂಬ ಜಂಬ ಬೇರೆ. ಜನವರಿಯಲ್ಲಿ ಮರಗಳು ಮೈತುಂಬ ಹೂಬಿಟ್ಟಿದ್ದವು. ಹೂವಿನ ರಸ ಹೀರುವ ಜಿಗಿಹುಳುವೂ ಬಂದಿತ್ತು. ಊರಿನ ಗಂಡಸರನ್ನು ಸೇರಿಸಿ ಭಾಷಣ ಬಿಗಿದೆ: "ಇದು ಪುಡಿ ಔಷಧ. ಗಂಟು ಉಳಿದರೆ ಸ್ಪ್ರೇಯರಿನ ನಾಜಲ್ ಕಟ್ಟಿಕೊಳ್ಳುತ್ತೆ. ಗಂಟಿಲ್ಲದ ಹಾಗೆ ಕದಡಿ." ಸಿಂಪಡಿಸುವವರು ಬಾಯಿಗೆ ಬಟ್ಟೆ ಕಟ್ಟಿಕೊಳ್ಳಬೇಕೆಂದೂ ಹೇಳಿದೆ. ಕದಡುವವರ ಬಗ್ಗೆ ಏನೂ ಹೇಳಲಿಲ್ಲ.

ಮರುದಿನ ಹನ್ನೊಂದರ ಹೊತ್ತಿಗೆ ಕೃಷ್ಣಪ್ಪನ ತೋಟಕ್ಕೆ ಹೋದೆ. ಅವನ ಹೆಂಡತಿ ರತ್ನಮ್ಮ ಡ್ರಮ್ಮಿನ ಪಕ್ಕ ಕುಸಿದು ಕೂತಿದ್ದಳು. ಬಾಯಲ್ಲಿ ಜೊಲ್ಲು, ಮೈಯೆಲ್ಲ ಬೆವರು. ಕಣ್ಣಿನ ಪಾಪೆ ಸಾಸಿವೆಗಿಂತ ಚಿಕ್ಕದಾಗಿತ್ತು. ಅದು ವಿಷ ಏರಿದ ಗುರುತೆಂದು ತರಬೇತಿಯಲ್ಲಿ ಕೇಳಿದ್ದೆ, ಕಂಡಿದ್ದು ಅದೇ ಮೊದಲು.

"ಏನು ಕುಡಿದಳು?" ಎಂದೆ.

"ಏನೂ ಕುಡ್ದಿಲ್ಲ ಸಾ. ಬೆಳಗ್ಗಿಂದ ಔಷ್ದಿ ಕಲಸ್ತಿದ್ಲು, ಅಷ್ಟೆ," ಎಂದ ಕೃಷ್ಣಪ್ಪ.

ಆಗ ನೋಡಿದೆ. ಅವಳ ಬಲಗೈ ಮೊಣಕೈ ಮೇಲಿನವರೆಗೂ ಬೆಳ್ಳಗಿತ್ತು, ಸೀರೆ ನೆನೆದು ಮೈಗೆ ಅಂಟಿತ್ತು. ಅಂಗಳಕ್ಕೆ ಹಾಕುವ ಸಗಣಿ ನೀರಿನಂತೆ ಔಷಧವನ್ನೂ ಕೈಯಲ್ಲೇ ಕದಡಿದ್ದಳು.

"ಸೀರೆ ಬಿಚ್ಚಿಸಿ, ಸೋಪು ಹಾಕಿ ತೊಳೀರಿ, ಬೇಗ!"

"ಗಂಡಸ್ರ ಮುಂದೆ ಎಂಗ್ ಬಿಚ್ಸಾದು ಸಾ? ಮೊದ್ಲು ಆಸ್ಪತ್ರೆಗೆ ಕರ್ಕೊಂಡೋಗಾಣ."

"ಆ ಬಟ್ಟೆಯಿಂದ ಇನ್ನೂ ಚರ್ಮದೊಳಕ್ಕೆ ವಿಷ ಇಳೀತಿದೆ ಕಣಯ್ಯಾ!" ನನ್ನ ದನಿ ನನಗೇ ಗುರುತು ಸಿಗಲಿಲ್ಲ.

ಕೃಷ್ಣಪ್ಪನ ತಾಯಿ ಮಾತಿಗೆ ನಿಲ್ಲಲಿಲ್ಲ. ದುಪ್ಪಟಿ ಅಡ್ಡ ಹಿಡಿಸಿ, ಬೋರ್‌ವೆಲ್ ಪೈಪಿನ ಕೆಳಗೆ ಸೊಸೆಯನ್ನು ತೊಳೆದು, ಬೇರೆ ಸೀರೆ ಸುತ್ತಿದಳು.

ಹೊಸೂರಿನ ಆಸ್ಪತ್ರೆ ತಲುಪುವವರೆಗೂ ಜೀಪಿನಲ್ಲಿ ಅವಳ ಉಸಿರು ಗೊರಗೊರ ಎನ್ನುತ್ತಿತ್ತು. ಅದು ನಿಂತರೆ ಏನು ಗತಿ ಎಂದು ಕಿವಿಗೊಟ್ಟೇ ಕೂತಿದ್ದೆ. ನಡುವೆ ನನ್ನ ನೌಕರಿಯ ಗತಿಯನ್ನೂ ಯೋಚಿಸಿದೆ; ಅದಕ್ಕೆ ಇವತ್ತಿಗೂ ನಾಚಿಕೆಯಾಗುತ್ತದೆ. ವೈದ್ಯರು ವಿಷದ ಪರಿಣಾಮ ತಗ್ಗಿಸುವ ಅಟ್ರೋಪಿನ್ ಇಂಜೆಕ್ಷನ್ ಮತ್ತೆ ಮತ್ತೆ ಕೊಟ್ಟರು. ಸಂಜೆಗೆ ರತ್ನಮ್ಮ ಅತ್ತೆಯನ್ನು ಗುರುತು ಹಿಡಿದಳು.

ಮೂರನೇ ದಿನ ನೋಡಲು ಹೋದವನು ಗದರಿಯೇಬಿಟ್ಟೆ. "ಕೋಲಲ್ಲಿ ಕದಡೋಕೆ ಏನಾಗಿತ್ತಮ್ಮ?"

"ಗಂಟಿರ್ಬಾರ್ದು ಅಂದ್ರಂತಲ್ಲ ಸಾ ನೀವು. ಕೋಲಿಗೆ ಗಂಟು ಎಂಗ್ ಗೊತ್ತಾಯ್ತದೆ? ಕೈಗಾದ್ರೆ ಗೊತ್ತಾಯ್ತದೆ."

ನಾನು ಹೇಳಿದ್ದನ್ನು ಇಡೀ ಊರಲ್ಲಿ ಅಕ್ಷರಶಃ ಪಾಲಿಸಿದ್ದವಳು ಅವಳೊಬ್ಬಳೇ. ನನ್ನ ಸಭೆಗೆ ಮಾತ್ರ ಅವಳನ್ನು ಯಾರೂ ಕರೆದಿರಲಿಲ್ಲ. ಅಂದಿನಿಂದ ಯಾವ ಊರಿಗೆ ಹೋದರೂ ನಾನು ಮೊದಲು ಕೇಳುವುದು ಒಂದೇ: "ಔಷಧ ಕಲಸೋರು ಯಾರು? ಅವರನ್ನು ಕರೀರಿ." ಅವರು ಬಂದು ಮುಂದೆ ಕೂರುವತನಕ ಬಾಯಿ ಬಿಡುವುದಿಲ್ಲ.